ಮಡಿಕೇರಿಯಿಂದ ತಲಕಾವೇರಿಗೆ ನಡೆದು ಸೇವಾಸಂಸ್ಥೆಯೊಂದಕ್ಕೆ ಹಣ ಕೂಡಿಸಬೇಕೆಂದಿದ್ದೇನೆ. ಬರಿದೇ ನಡೆದರೆ ಜನ ಏಕೆ ಕೊಡುತ್ತಾರೆ?

ನಡಿಗೆಯ ಶ್ರಮ ಕಣ್ಣಿಗೆ ಕಾಣುವುದರಿಂದಲೇ ಕೊಡುತ್ತಾರೆ. ಕೇಳುವವರು ತಾವೂ ಏನನ್ನೋ ತೆತ್ತಿದ್ದಾರೆ ಎಂಬ ನಂಬಿಕೆ ಅದರಿಂದ ಹುಟ್ಟುತ್ತದೆ. ಇಲ್ಲಿ ಎಣಿಕೆಗೆ ಬರುವುದು ದೂರವಲ್ಲ, ನಡೆಯುವವರ ಶಕ್ತಿಗೆ ಅದು ಎಷ್ಟು ಕಠಿಣ ಎಂಬುದು. 2020ರಲ್ಲಿ ಬ್ರಿಟನ್ನಿನ ಟಾಮ್ ಮೂರ್ ತಮ್ಮ ನೂರನೆಯ ಹುಟ್ಟುಹಬ್ಬಕ್ಕೆ ಮುಂಚೆ, ಊರುಗೋಲಿನ ಚೌಕಟ್ಟು ಹಿಡಿದು ಮನೆಯಂಗಳದಲ್ಲೇ ನೂರು ಸುತ್ತು ನಡೆದರು. ಸಾವಿರ ಪೌಂಡ್ ಗುರಿಯಿಟ್ಟಿದ್ದ ಅವರಿಗೆ ಮೂರು ಕೋಟಿ ಪೌಂಡಿಗೂ ಹೆಚ್ಚು ಬಂತು.

ಇನ್ನೊಂದು ಕಾರಣ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದೀತು. ದಾನಕ್ಕಾಗಿ ಸ್ವತಃ ಶ್ರಮಪಡಬೇಕಾದವರು, ಸುಖವಾಗಿ ಕುಳಿತು ಕೊಡುವವರಿಗಿಂತ ಹೆಚ್ಚು ಕೊಡಲು ಒಪ್ಪುತ್ತಾರೆ ಎಂದು ಸಂಶೋಧಕರಾದ ಒಲಿವೋಲಾ ಮತ್ತು ಶಫೀರ್ 2013ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿವೆ. ಆದ್ದರಿಂದ ಒಬ್ಬರೇ ನಡೆಯುವ ಬದಲು, ಭಾಗಮಂಡಲದಿಂದ ತಲಕಾವೇರಿಯವರೆಗಿನ ಸುಮಾರು 8 ಕಿ.ಮೀ. ಏರುದಾರಿಗಾದರೂ ದಾನಿಗಳನ್ನು ಜೊತೆಗೆ ಕರೆಯಿರಿ. (ಜುಲೈ-ಆಗಸ್ಟ್ ಹೊತ್ತಿನ ಆಟಿಯ ಮಳೆಯಲ್ಲಿ ಮಾತ್ರ ಬೇಡ.)

ಹಣವನ್ನು ನಿಮ್ಮ ಖಾತೆಗೆ ಪಡೆಯದೆ ನೇರವಾಗಿ ಸಂಸ್ಥೆಯ ಖಾತೆಗೇ ಹಾಕಿಸಿ. ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ (80ಜಿ ಎಂದು ಪರಿಚಿತವಾದದ್ದು) ಸಂಸ್ಥೆಗಿದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿರುವ ದಾನಿಗಳಿಗೆ ರಿಯಾಯಿತಿ ಸಿಗುತ್ತದೆ, ಆದರೆ 2,000 ರೂಪಾಯಿ ಮೀರಿದ ನಗದಿಗೆ ಸಿಗುವುದಿಲ್ಲ.