ಹೆಸರಿಡುವ ಮೊದಲು ಒಂದು ವಾರ ಸುಮ್ಮನೆ ನೋಡಿ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಂಗನವಾಡಿಯವರದು. ಪೋಷಣೆಯ ಜೊತೆಗೆ ಕಲಿಕೆಯನ್ನೂ ಹೇಳಿಕೊಡುವ ‘ಪೋಷಣ್ ಭಿ ಪಢಾಯಿ ಭಿ’ ತರಬೇತಿ ಮುಗಿಸಿ ಊರಿಗೆ ಮರಳಿದ ಮೇಲೆ ಹುಟ್ಟಿದ ಪ್ರಶ್ನೆಗಳು. ಐದನ್ನು ಆರಿಸಿದ್ದೇನೆ. ಮೊದಲನೆಯದೇ ಅರ್ಧ ಪುಟ ನುಂಗಿದೆ, ಉಳಿದವರು ಬೇಸರಪಡಬೇಡಿ.

ಪ್ರಶ್ನೆ: ನನ್ನ ಕೇಂದ್ರದಲ್ಲಿ 22 ಮಕ್ಕಳು. ಜೂನ್‌ನಲ್ಲಿ ಮೂರೂವರೆ ವರ್ಷದ ಹುಡುಗನೊಬ್ಬ ಸೇರಿದ. ಒಂದು ಮಾತೂ ಆಡುವುದಿಲ್ಲ, ಕರೆದರೆ ತಿರುಗುವುದಿಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳ ಸಿಕ್ಕರೆ ಅದನ್ನೇ ತಿರುಗಿಸುತ್ತಾ ಕೂತುಬಿಡುತ್ತಾನೆ. ಹಾಡು ಶುರು ಮಾಡಿದರೆ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಾನೆ. ಉಳಿದ ತಾಯಂದಿರು ‘ಅಂವನ್ನ ಬಿಡಿಸ್ರಿ, ನಮ್ಮ ಹುಡುಗ್ರೂ ಹಂಗ ಕಲೀತಾವ’ ಅಂತಾರೆ. ಅವನ ಅಜ್ಜಿ ‘ಅವರಪ್ಪನೂ ನಾಕು ವರ್ಷಕ್ಕೇ ಮಾತಾಡಿದ್ದು’ ಅಂತಾರೆ. ತರಬೇತಿಯಲ್ಲಿ 21 ಬಗೆಯ ಅಂಗವೈಕಲ್ಯದ ಹೆಸರು ಬರೆದುಕೊಂಡು ಬಂದೆ. ಇವನದು ಯಾವುದು?
— ಅಂಗನವಾಡಿ ಕಾರ್ಯಕರ್ತೆ, ಸಿಂಧನೂರು ತಾಲ್ಲೂಕು

ಉತ್ತರ: ಯಾವುದು ಎಂದು ನೀವು ಹೇಳಬೇಕಾಗಿಲ್ಲ. ಹೇಳಲೂಬಾರದು. ಆ 21ರ ಪಟ್ಟಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯದು. ಪ್ರಮಾಣಪತ್ರಕ್ಕೆ, ಸೌಲಭ್ಯಕ್ಕೆ ಅದು ಬೇಕು. ನಿಮ್ಮ ಚಾಪೆಯ ಮೇಲೆ ಕೂತ ಮಗುವಿಗೆ ನಾಳೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ನೀವು ಪತ್ರದಲ್ಲಿ ಬರೆದ ನಾಲ್ಕು ಸಾಲುಗಳಿಗೆ ಅದಕ್ಕಿಂತ ಹೆಚ್ಚು ಬೆಲೆಯಿದೆ. ವೈದ್ಯರ ಮುಂದೆ ಈ ಹುಡುಗ ಇರುವುದು ಹತ್ತು ನಿಮಿಷ, ಅದೂ ಹೊಸ ಜಾಗದಲ್ಲಿ, ಅಳುತ್ತಾ. ನಿಮ್ಮ ಮುಂದೆ ದಿನಕ್ಕೆ ನಾಲ್ಕು ಗಂಟೆ ಇರುತ್ತಾನೆ.

ಒಂದು ವಾರ ಅವನನ್ನು ತಿದ್ದಲು ಹೋಗದೆ ನೋಡಿ, ಬರೆಯಿರಿ. ಯಾವ ನಮೂನೆಯೂ ಬೇಡ, ಹಳೆಯ ನೋಟ್‌ಬುಕ್‌ನ ಹಾಳೆ ಸಾಕು. ‘ಹಠ ಮಾಡಿದ’ ಎಂದು ಮಾತ್ರ ಬರೆಯಬೇಡಿ, ಅದು ನಮ್ಮ ತೀರ್ಪು. ಹೀಗೆ ಬರೆಯಿರಿ: ‘ಮಂಗಳವಾರ, ಹನ್ನೊಂದೂಕಾಲು. ಕಾಳಿಗೆ ಒಗ್ಗರಣೆ ಬಿದ್ದಾಗ ಎದ್ದು ಅಡುಗೆಮನೆ ಬಾಗಿಲಿಗೆ ಹೋದ. ಆಯಾ ಕೈ ಹಿಡಿದು ತಟ್ಟೆಯ ಕಡೆ ಎಳೆದ.’ ಈ ಎರಡು ಸಾಲಿನಲ್ಲಿ ಎಷ್ಟಿದೆ ನೋಡಿ. ಅವನಿಗೆ ಬೇಕೆನ್ನಿಸಿದೆ, ಕೊಡುವವರು ಯಾರೆಂದು ಗೊತ್ತಿದೆ, ಕೇಳುವ ದಾರಿಯೂ ಗೊತ್ತಿದೆ. ಬಾಯಲ್ಲಿ ಪದವಿಲ್ಲ, ಅಷ್ಟೆ. ಇನ್ನು ನಿಮ್ಮ ಕೆಲಸ ಆ ‘ಎಳೆತ’ದಿಂದ ಶುರುವಾಗುತ್ತದೆ. ಎಳೆದಾಗ ತಟ್ಟೆ ಕೈಗೆ ಕೊಡುತ್ತಾ ‘ತಟ್ಟೆ’ ಅನ್ನಿ. ಒಂದೇ ಪದ. ‘ಏನು ಬೇಕು ಪುಟ್ಟ, ತಟ್ಟೆ ಬೇಕಾ, ಕಾಳು ಬೇಕಾ, ಬಾಯಿಬಿಟ್ಟು ಹೇಳು’ ಎಂದು ಮಳೆ ಸುರಿಸಬೇಡಿ. ಹೇಳಿ, ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಿರಿ. ಹತ್ತು ಎಣಿಸುವುದೇನು ಮಹಾ ಅನ್ನಿಸುತ್ತದೆ. ಮಾಡಿ ನೋಡಿ, ಆರು ಮುಟ್ಟುವಷ್ಟರಲ್ಲಿ ನಮ್ಮ ಬಾಯಿ ತೆರೆದಿರುತ್ತದೆ.

ಮುಚ್ಚಳ ಕಿತ್ತುಕೊಳ್ಳಬೇಡಿ. ಇನ್ನೊಂದು ಮುಚ್ಚಳ ತೆಗೆದುಕೊಂಡು ಪಕ್ಕದಲ್ಲಿ ಕೂತು ನೀವೂ ತಿರುಗಿಸಿ. ಮೂರ್ನಾಲ್ಕು ದಿನ ಹೀಗೆ ಮಾಡಿ, ಒಂದು ದಿನ ನಿಮ್ಮದನ್ನು ತಟ್ಟನೆ ನಿಲ್ಲಿಸಿ. ಅವನು ನಿಮ್ಮ ಕೈ ನೋಡಿದರೆ, ಅದು ಮೊದಲ ಮಾತು. ಹಾಡಿನ ಹೊತ್ತಿಗೆ ಅವನನ್ನು ಬಾಗಿಲ ಬಳಿ ಆಯಾ ಜೊತೆ ಕೂರಿಸಿ, ಹಾಡು ಶುರುವಾಗುವ ಮೊದಲೇ ಚಪ್ಪಾಳೆ ತಟ್ಟುವ ಚಿತ್ರ ತೋರಿಸಿ. ಚಾಪೆ, ಹಾಡು, ಊಟ, ಹೊರಗೆ ಆಟ, ಮನೆ ಎಂದು ಐದು ಚಿತ್ರ ರಟ್ಟಿಗೆ ಅಂಟಿಸಿ ಗೋಡೆಗೆ ತೂಗುಹಾಕಿ. ಮುಂದೆ ಏನೆಂದು ಗೊತ್ತಿಲ್ಲದೆ ಗಾಬರಿಯಾಗುವ ಮಕ್ಕಳಿಗೆ ಅದೇ ಗಡಿಯಾರ. ಇದು ಉಳಿದ 21 ಮಕ್ಕಳಿಗೂ ಒಳ್ಳೆಯದೇ. ಸದ್ದು ಹೆಚ್ಚಾದಾಗ ಓಡಿಹೋಗಬೇಕೆನ್ನಿಸುವ ಮಕ್ಕಳು ನಿಮ್ಮಲ್ಲಿ ಇನ್ನೂ ಇಬ್ಬರಾದರೂ ಇರುತ್ತಾರೆ, ಅವರು ಸುಮ್ಮನೆ ಸಹಿಸಿಕೊಂಡಿದ್ದಾರೆ.

ಇದರ ಜೊತೆಗೇ ಆಗಬೇಕಾದ ಕೆಲಸ ಕಿವಿ ಪರೀಕ್ಷೆ. ಮಾತು ಬಾರದ ಯಾವ ಮಗುವಿಗೂ ಮೊದಲು ಇದೇ. ಹಾಡಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ, ಅಂದರೆ ಸದ್ದು ಕೇಳುತ್ತಿದೆ ಎಂದು ಬಿಟ್ಟುಬಿಡಬೇಡಿ. ಜೋರು ಸದ್ದು ಕೇಳುವ ಕಿವಿಗೆ ಮಾತಿನ ಸಣ್ಣ ದನಿಗಳು ಕೇಳದೆ ಇರಬಹುದು. ಕಿವಿ ಸೋರುತ್ತಿದ್ದರೆ ಎಣ್ಣೆ ಬಿಡಿಸಬೇಡಿ. ನಾಲಿಗೆಗೆ ಬಜೆ ತೇಯ್ದು ಹಚ್ಚುವುದನ್ನೇ ಚಿಕಿತ್ಸೆ ಎಂದುಕೊಂಡು ವರ್ಷ ಕಳೆದವರನ್ನು ಬಹಳ ಕಂಡಿದ್ದೇನೆ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಆರ್‌ಬಿಎಸ್‌ಕೆ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಮುಂದಿನ ಭೇಟಿ ದೂರವಿದ್ದರೆ ಕಾಯಬೇಡಿ, ಆಶಾ ಕಾರ್ಯಕರ್ತೆಯ ಜೊತೆ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಕೇಂದ್ರಕ್ಕೆ (ಡಿಇಐಸಿ) ಕಳಿಸಿ. ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸದ ಮಗು, ಬಂದಿದ್ದ ಮಾತು ಹೋದ ಮಗು, ಇವರಿಬ್ಬರ ವಿಷಯದಲ್ಲಿ ಕಾದು ನೋಡುವ ಮಾತೇ ಇಲ್ಲ. ಹೋಗುವಾಗ ಆ ಹಾಳೆಯ ನಕಲು ತಾಯಿಯ ಕೈಯಲ್ಲಿರಲಿ. ಮುಂದೆ ಅಂಗವಿಕಲರ ಗುರುತಿನ ಚೀಟಿ (ಯುಡಿಐಡಿ ಕಾರ್ಡ್) ಬೇಕಾದರೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯೂ) ಹಿಡಿಯಿರಿ.

ಅಜ್ಜಿಯ ಜೊತೆ ವಾದಕ್ಕೆ ಇಳಿಯಬೇಡಿ. ‘ಅಪ್ಪ ಮಾತಾಡಿದ ಹಾಗೆ ಇವನೂ ಆಡಲಿ ಅಜ್ಜಿ, ಕಿವಿ ಒಂದ್ಸಲ ತೋರಿಸಿಬಿಡೋಣ’ ಅನ್ನಿ, ಒಪ್ಪುತ್ತಾರೆ. ಉಳಿದ ತಾಯಂದಿರಿಗೆ, ಅವನ ತಾಯಿ ಇಲ್ಲದ ಕಡೆ, ಅವನ ಬಗ್ಗೆ ಏನೂ ಹೇಳಬೇಡಿ. ಮಕ್ಕಳು ಒಂದು ವಾರ ಅವನನ್ನು ನೋಡಿ ಮುಚ್ಚಳ ತಿರುಗಿಸುತ್ತಾರೆ, ನಿಜ. ಎಂಟನೇ ದಿನ ಅವರಿಗೆ ಬೇಜಾರಾಗುತ್ತದೆ.

ಪ್ರಶ್ನೆ: ಬೆಂಗಳೂರಿನ ಹೊರವಲಯ. ಕಟ್ಟಡ ಕೆಲಸದವರ ಮಕ್ಕಳು ಬರುತ್ತಾರೆ. ಮೂರು ವರ್ಷ ನಾಲ್ಕು ತಿಂಗಳ ಹುಡುಗಿ, ಮನೆಮಾತು ಒಡಿಯಾ. ಎರಡು ತಿಂಗಳಾದರೂ ತುಟಿ ಬಿಚ್ಚಿಲ್ಲ. ಮನೆಯಲ್ಲೂ ಕನ್ನಡವನ್ನೇ ಆಡಿ ಎಂದು ತಾಯಿಗೆ ಹೇಳಲೇ?
— ಕಾರ್ಯಕರ್ತೆ, ಆನೇಕಲ್ ತಾಲ್ಲೂಕು

ಉತ್ತರ: ಬೇಡ. ತನಗೇ ಸರಿಯಾಗಿ ಬಾರದ ಭಾಷೆಯಲ್ಲಿ ತಾಯಿ ಮಾತಾಡತೊಡಗಿದರೆ ಮಗುವಿಗೆ ಸಿಗುವುದು ನಾಲ್ಕೈದು ಅಪ್ಪಣೆಗಳು ಮಾತ್ರ: ಬಾ, ಕೂರು, ತಿನ್ನು. ಕಥೆ ಹೋಗುತ್ತದೆ, ಜೋಗುಳ ಹೋಗುತ್ತದೆ. ಎರಡು ಭಾಷೆ ಕೇಳಿ ಬೆಳೆದದ್ದರಿಂದ ಮಾತು ತಡವಾಗುವುದಿಲ್ಲ. ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲೂ ‘ಶಾಲೆಗೆ ಕಷ್ಟ ಆಗುತ್ತೆ’ ಎಂದು ಕನ್ನಡ ಬಿಟ್ಟವರಿದ್ದಾರೆ, ಅಲ್ಲಿಯೂ ನಾನು ಹೇಳುವುದು ಇದೇ.

ತಾಯಿಗೆ ಒಂದೇ ಪ್ರಶ್ನೆ ಕೇಳಿ: ಮನೆಯಲ್ಲಿ ಒಡಿಯಾದಲ್ಲಿ ಚೆನ್ನಾಗಿ ಮಾತಾಡುತ್ತಾಳಾ? ಹೌದು ಎಂದರೆ, ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ತಿಂಗಳು ಕೇಳಿಸಿಕೊಳ್ಳುತ್ತಾ ಸುಮ್ಮನಿರುವುದು ಸಹಜ. ಬಾಯಿ ಬಿಡಿಸಲು ಎಲ್ಲರೆದುರು ನಿಲ್ಲಿಸಬೇಡಿ. ನೀವೇ ಅವಳಿಂದ ನಾಲ್ಕು ಪದ ಕಲಿಯಿರಿ. ನೀರಿಗೆ ‘ಪಾಣಿ’, ಅನ್ನಕ್ಕೆ ‘ಭಾತ’. ಟೀಚರ್ ತಪ್ಪು ಉಚ್ಚರಿಸಿದಾಗ ಆ ಮಕ್ಕಳ ಮುಖದಲ್ಲಿ ಬರುವ ನಗು ನೋಡಬೇಕು. ಎರಡೂ ಕಡೆ ಮಾತಿಲ್ಲ ಎಂದರೆ ಮೇಲಿನ ಪತ್ರಕ್ಕೆ ಹೇಳಿದ ದಾರಿಯೇ ಇವಳಿಗೂ. ಲಂಬಾಣಿ, ತೆಲುಗು, ಉರ್ದು, ಬ್ಯಾರಿ ಮನೆಮಾತಿನ ಮಕ್ಕಳ ಬಗ್ಗೆ ಬರೆದವರೂ ಇದನ್ನೇ ಓದಿಕೊಳ್ಳಿ.

ಪ್ರಶ್ನೆ: ಮೂರ್ಛೆ ರೋಗದ ಮಗುವಿದೆ. ಒಮ್ಮೆ ಕೇಂದ್ರದಲ್ಲೇ ಬಂತು. ಆಯಾ ಓಡಿಹೋಗಿ ಬೀಗದ ಕೈ ತಂದು ಮಗುವಿನ ಕೈಗಿಟ್ಟರು, ಇನ್ಯಾರೋ ಈರುಳ್ಳಿ ಮೂಸಿಸಿದರು. ಸೇರಿಸಿಕೊಳ್ಳುವುದು ಬೇಡ ಅನ್ನಿಸಿದೆ.
— ಕಾರ್ಯಕರ್ತೆ, ಶಿಕಾರಿಪುರ ತಾಲ್ಲೂಕು

ಉತ್ತರ: ಸೇರಿಸಿಕೊಳ್ಳಿ. ಮೂರ್ಛೆ ಬಂದಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮಡಚಿದ ಸೆರಗೋ ಟವೆಲೋ ಇಡಿ, ಸುತ್ತಲಿನ ಗಟ್ಟಿ ಸಾಮಾನು ಸರಿಸಿ, ಗಡಿಯಾರ ನೋಡಿ. ಕೈಕಾಲು ಒತ್ತಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ಬೆರಳು, ನೀರು ಏನೂ ಹಾಕಬೇಡಿ. ಬಹುಪಾಲು ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಬೀಗದ ಕೈ ಕೊಟ್ಟದ್ದಕ್ಕೇ ನಿಂತಿತು ಎಂದು ನಂಬುವುದು ಅದರಿಂದಲೇ! ಐದು ನಿಮಿಷ ಮೀರಿದರೆ, ಒಂದರ ಹಿಂದೆ ಒಂದು ಬಂದರೆ, ಉಸಿರಾಟ ಸರಿಯಿಲ್ಲದಿದ್ದರೆ ತಕ್ಷಣ 108. ನಿಂತ ಮೇಲೆ ಮಗು ಪೂರ್ತಿ ಎಚ್ಚರಾಗುವವರೆಗೆ ನೀರು ಬೇಡ, ಪಕ್ಕದಲ್ಲಿ ಒಬ್ಬರಿರಲಿ. ಯಾವ ಮಾತ್ರೆ, ಯಾವ ಹೊತ್ತಿಗೆ, ಯಾರಿಗೆ ಫೋನ್ ಎಂಬುದನ್ನು ತಾಯಿಯಿಂದ ಬರೆಸಿಕೊಂಡು ಬೀರುವಿನ ಒಳಬಾಗಿಲಿಗೆ ಅಂಟಿಸಿ. ಆಯಾ ಜೊತೆ ಗೊಂಬೆ ಮಲಗಿಸಿ ಒಮ್ಮೆ ಅಭ್ಯಾಸ ಮಾಡಿ. ಅವರು ಹೆದರಿದ್ದು ತಪ್ಪಲ್ಲ, ಇದನ್ನು ಅವರಿಗೆ ಯಾರೂ ಮಾಡಿ ತೋರಿಸಿರಲಿಲ್ಲ.

ಪ್ರಶ್ನೆ: ನಾನು ಮೇಲ್ವಿಚಾರಕಿ. ನನ್ನ ವಲಯದಲ್ಲಿ 26 ಕೇಂದ್ರಗಳು. ನಾನು ಕಲಿತದ್ದನ್ನು ಕಾರ್ಯಕರ್ತೆಯರಿಗೆ ದಾಟಿಸಬೇಕು. ಪಿಪಿಟಿ ತೋರಿಸಿದರೆ ಆಕಳಿಸುತ್ತಾರೆ. ‘ಪೋಷಣ್ ಟ್ರ್ಯಾಕರ್ ಆ್ಯಪ್ ತುಂಬೋಕೇ ಹೊತ್ತಿಲ್ಲ, ಇದೊಂದು ಹೊಸ ಹೊರೆ’ ಅನ್ನುತ್ತಾರೆ.
— ಮೇಲ್ವಿಚಾರಕಿ, ಹಾಸನ ಜಿಲ್ಲೆ

ಉತ್ತರ: ಹೊಸ ಹೊರೆ ಅನ್ನುವುದಕ್ಕೆ ಮೊದಲು ಉತ್ತರ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾಗಿ, ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ ಮೊದಲ ಹೆಜ್ಜೆ ಇಟ್ಟಾಗಲೇ ಆರು ಸೇವೆಗಳಲ್ಲಿ ಒಂದು ಆಸ್ಪತ್ರೆಗೆ ಕಳಿಸಿಕೊಡುವ ‘ರೆಫರಲ್’ ಆಗಿತ್ತು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ದಿವ್ಯಾಂಗ ಮಕ್ಕಳ ಅಂಗನವಾಡಿ ಪ್ರೋಟೋಕಾಲ್ ಅದಕ್ಕೆ ಹಿಂದೊಂದು, ಮುಂದೊಂದು ಹೆಜ್ಜೆ ಸೇರಿಸಿದೆ ಅಷ್ಟೆ: ಬೇಗ ಗುರುತಿಸುವುದು, ಮನೆಯವರನ್ನೂ ಊರನ್ನೂ ಜೊತೆಗೆ ತರುವುದು, ಆಶಾ, ಎಎನ್‌ಎಂ (ಊರಿನ ಆರೋಗ್ಯ ಸಹಾಯಕಿ), ಆರ್‌ಬಿಎಸ್‌ಕೆ ಮೂಲಕ ಕಳಿಸುವುದು. ಆದರೆ ‘ಹೊತ್ತಿಲ್ಲ’ ಅನ್ನುವ ದೂರು ನಿಜ. ಅದನ್ನು ಸೋಮಾರಿತನ ಎಂದುಕೊಂಡರೆ ಅಲ್ಲಿಗೆ ನಿಮ್ಮ ತರಬೇತಿ ಮುಗಿಯಿತು.

ನಾನೂ ಮೊದಮೊದಲು 21 ಹೆಸರುಗಳ ಸ್ಲೈಡ್ ತೋರಿಸುತ್ತಿದ್ದವನೇ. ಒಂದು ಸಂಜೆ ಹಿರಿಯ ಕಾರ್ಯಕರ್ತೆಯೊಬ್ಬರು ಚೀಲ ಹೆಗಲಿಗೇರಿಸಿಕೊಂಡು, ‘ಸರ್, ಇದ್ರಲ್ಲಿ ನಾಳೆ ಬೆಳಿಗ್ಗೆ ಮಾಡೋದು ಯಾವುದು?’ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ರಾಜ್ಯದ ತರಬೇತುದಾರರಿಂದ ನಿಮಗೆ, ನಿಮ್ಮಿಂದ ಅವರಿಗೆ ಎಂದು ಇಳಿಯುತ್ತಾ ಬರುವಾಗ ಮಜ್ಜಿಗೆಗೆ ನೀರು ಸೇರುತ್ತಲೇ ಇರುತ್ತದೆ. ಅದಕ್ಕೇ ಪಿಪಿಟಿ ಬಿಡಿ. ತಿಂಗಳ ಸಭೆಯಲ್ಲಿ ನಲವತ್ತು ನಿಮಿಷ ಎತ್ತಿಡಿ. ಒಬ್ಬ ಕಾರ್ಯಕರ್ತೆ, ಒಂದು ಮಗು. ಹೆಸರು ಹೇಳದೆ, ತಾನು ವಾರವಿಡೀ ಬರೆದದ್ದನ್ನು ಓದಲಿ. ಉಳಿದವರು ರೋಗದ ಹೆಸರು ಎತ್ತುವ ಹಾಗಿಲ್ಲ. ‘ಏನು ಮಾಡಿ ನೋಡಬಹುದು’ ಎಂದಷ್ಟೇ ಹೇಳಬೇಕು. ಅದರಲ್ಲಿ ಒಂದನ್ನು ಆಕೆ ಆರಿಸಿಕೊಂಡು ಮುಂದಿನ ತಿಂಗಳು ಏನಾಯಿತೆಂದು ಹೇಳಲಿ. ಫಲಿಸದಿದ್ದರೆ ಅದನ್ನೂ ಹೇಳಲಿ. ನಾನು ಕಂಡಂತೆ ಕಲಿಕೆ ಆಗುವುದು ಈ ಎರಡನೇ ತಿಂಗಳಲ್ಲಿ.

ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ, ಕಿವಿಗೆ ಹತ್ತಿ ತುರುಕುವ ಆಟಗಳನ್ನು ನಾನು ಬಿಟ್ಟಿದ್ದೇನೆ. ಅದರಿಂದ ‘ಅಯ್ಯೋ ಪಾಪ’ ಹುಟ್ಟುತ್ತದೆ, ಕೈಗೆ ಏನೂ ಬರುವುದಿಲ್ಲ. ಬದಲಿಗೆ ಹೀಗೆ ಮಾಡಿಸಿ: ಎಲ್ಲರೂ ತಲೆಯನ್ನು ಹಿಂದಕ್ಕೆ ವಾಲಿಸಿ ಉಗುಳು ನುಂಗಲಿ. ಗಂಟಲು ಬಿಗಿಯುತ್ತದೆ, ಅಲ್ಲವೇ? ಈಗ ಗದ್ದವನ್ನು ಸ್ವಲ್ಪ ಎದೆಯ ಕಡೆ ತಂದು ನುಂಗಲಿ. ಕತ್ತು ನಿಲ್ಲದ ಮಗುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ ಗಂಜಿ ಹಾಕಬಾರದು ಯಾಕೆಂದು ಮತ್ತೆ ಹೇಳಬೇಕಾಗಿಲ್ಲ. ಆಮೇಲೆ ಒಂದು ಪುಟ್ಟ ಪ್ಲಾಸ್ಟಿಕ್ ಕುರ್ಚಿ, ಎರಡು ಟವೆಲ್ ಇಟ್ಟು, ಸುರುಳಿ ಸುತ್ತಿ ಸೊಂಟದ ಎರಡೂ ಬದಿಗೆ ಕೊಟ್ಟು, ಪಾದ ಊರಲು ಕೆಳಗೊಂದು ಮಣೆ ಇಟ್ಟು ಮಗುವನ್ನು ನೇರ ಕೂರಿಸುವುದನ್ನು ಎಲ್ಲರ ಕೈಯಲ್ಲೂ ಮಾಡಿಸಿ. ಪಾದ ನೇತಾಡುತ್ತಿದ್ದರೆ ಬಾಯಿಯೂ ಸ್ಥಿರವಾಗಿರುವುದಿಲ್ಲ, ಇದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ.

ಇನ್ನೊಂದು, ಇದು ನಿಮಗೆ. ಕೇಂದ್ರಕ್ಕೆ ಹೋದಾಗ ಅರ್ಧ ಗಂಟೆ ರಿಜಿಸ್ಟರ್ ಮುಟ್ಟದೆ ಚಾಪೆಯ ಮೇಲೆ ಕೂರಿ. ಆ ಕಾರ್ಯಕರ್ತೆ ಚೆನ್ನಾಗಿ ಮಾಡಿದ ಒಂದು ಕೆಲಸವನ್ನು ಆಯಾ ಕೇಳುವಂತೆ ಹೇಳಿ. ಬರಿಯ ತಪ್ಪು ಹುಡುಕಿಸಿಕೊಂಡು ಬೆಳೆದವರು ಮಕ್ಕಳಲ್ಲೂ ಅದನ್ನೇ ಹುಡುಕುತ್ತಾರೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ‘ವಿಶೇಷ ಶಿಕ್ಷಕಿ’ ಸರ್ಟಿಫಿಕೇಟ್ ಕೋರ್ಸ್ ನೋಡಿದೆ, ಎರಡು ವಾರ, ಎಂಟು ಸಾವಿರ. ಸೇರಲೇ?
— ಖಾಸಗಿ ನರ್ಸರಿ ಶಿಕ್ಷಕಿ, ದಾವಣಗೆರೆ

ಉತ್ತರ: ವಿಶೇಷ ಶಿಕ್ಷಕಿ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ಮಾನ್ಯತೆಯಿರುವ ಕೋರ್ಸ್ ಓದಿ, ಅಲ್ಲಿ ಹೆಸರು ನೋಂದಾಯಿಸಬೇಕು. ಎರಡು ವಾರದಲ್ಲಿ ಅದು ಆಗುವುದಿಲ್ಲ. ಆ ಎಂಟು ಸಾವಿರ ಉಳಿಸಿಕೊಳ್ಳಿ. ನಿಮ್ಮ ಊರಿನಲ್ಲಿ ವಿಶೇಷ ಮಕ್ಕಳ ಶಾಲೆಯಿದ್ದರೆ ನಾಲ್ಕು ಶನಿವಾರ ಅಲ್ಲಿ ಕೂತು ನೋಡಲು ಅನುಮತಿ ಕೇಳಿ. ಏನು ಕಂಡಿರಿ ಎಂದು ನನಗೂ ಬರೆಯಿರಿ.