ಶರಾವತಿ ಅಳಿವೆ ದಾಟುವ ಮೊದಲು ಹೊತ್ತು ನೋಡಿ

ಹೊಸ ಫೈಬರ್ ದೋಣಿ, ಸಣ್ಣ ಔಟ್‌ಬೋರ್ಡ್ ಎಂಜಿನ್. ಹೊನ್ನಾವರದಿಂದ ಹೊಳೆ ಕಡಲು ಸೇರುವ ಅಳಿವೆ ದಾಟಿ ಬಸವರಾಜದುರ್ಗ ದ್ವೀಪದ ಕಡೆ ಹೋಗಿಬರಬೇಕು, ಗೆಳೆಯರು ಕಳೆದ ವರ್ಷ ಹೋದ ದಾರಿ ಜಿಪಿಎಸ್‌ನಲ್ಲಿದೆ, ಅಷ್ಟು ಸಾಕೇ ಅಂತ ಕೇಳಿದ್ದೀರಿ. ಸಾಲದು ಮಾರಾಯ್ರೆ. ಒಂದು ಮಳೆಗಾಲ ಕಳೆದರೆ ಅಳಿವೆಯ ಮರಳು ಇದ್ದಲ್ಲೇ ಇರುವುದಿಲ್ಲ. ಹೊಳೆ ಹೊರಗೆ ತಳ್ಳಿದ್ದನ್ನು ಕಡಲು ಒಳಗೆ ತಳ್ಳುತ್ತದೆ, ದೋಣಿ ದಾಟುವ ಆಳದ ಗಂಡಿ ಅತ್ತಿತ್ತ ಸರಿಯುತ್ತದೆ.

ದಾರಿಗಿಂತ ಮೊದಲು ಹೊತ್ತು ನೋಡಿ. ದೋಣಿ ಮಗುಚುವಂಥ ಅಪಾಯ ಹೆಚ್ಚಾಗಿ ಇಳಿತದಲ್ಲಿ. ಹೊರಗೋಡುವ ನೀರಿಗೆ ಎದುರಿನಿಂದ ಅಲೆ ಬಡಿದರೆ ಅದು ಗಿಡ್ಡವಾಗಿ, ಕಡಿದಾಗಿ ಎದ್ದು ಮರಳ ದಿಬ್ಬದ ಮೇಲೇ ಮುರಿಯುತ್ತದೆ. ಭರತ ಏರುತ್ತಿರುವಾಗ ನೀರೂ ಅಲೆಯೂ ಒಂದೇ ದಿಕ್ಕಿನವು. ತಳ ತಾಗಿದರೂ ಏರುವ ನೀರೇ ದೋಣಿಯನ್ನು ಎತ್ತುತ್ತದೆ. ಅರ್ಧ ಭರತಕ್ಕೆ ಹೊರಟು ತುಂಬುವ ಮೊದಲೇ ಒಳಗೆ ಬರಬೇಕೆಂದರೆ ನಿಮಗೆ ಸಿಗುವುದು ಸುಮಾರು ಮೂರು ಗಂಟೆ ಮಾತ್ರ. ತಡವಾಯಿತೋ, ಹೊರಗೆ ಆಳದಲ್ಲೇ ಮುಂದಿನ ಭರತದವರೆಗೆ ಕಾಯಿರಿ. ಅದಕ್ಕೆ ಬೇಕಾದ ಎಣ್ಣೆ, ಕುಡಿಯುವ ನೀರು ಮೊದಲೇ ದೋಣಿಯಲ್ಲಿರಲಿ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಸೆಳೆತ ಜೋರು, ಅಷ್ಟಮಿಯ ಹೊತ್ತಿಗೆ ಕಡಿಮೆ. ಹೊಸಬರು ಅಷ್ಟಮಿಯ ಆಚೀಚೆ ಹೋಗುವುದೇ ಒಳ್ಳೆಯದು. ಮೇಲೆ ಗೇರುಸೊಪ್ಪೆ ಅಣೆಕಟ್ಟಿನಿಂದ ನೀರು ಜಾಸ್ತಿ ಬಿಟ್ಟಿದ್ದರೆ ಇಳಿತದ ಓಟ ಇನ್ನೂ ಹೆಚ್ಚುತ್ತದೆ.

ಕಡಲಿನ ಮುನ್ಸೂಚನೆ ಕೊಡುವ ಕೇಂದ್ರ ಸರಕಾರದ ಸಂಸ್ಥೆ ಇಂಕಾಯ್ಸ್‌ನ (INCOIS) ಅಲೆ ಮುನ್ಸೂಚನೆ ನೋಡದೆ ಹೊರಡಬೇಡಿ. ಇಲ್ಲಿ ಎಲೆ ಅಲುಗದಿದ್ದರೂ ದಕ್ಷಿಣ ಸಾಗರದಿಂದ ದೊಡ್ಡ ಅಲೆ ಬರುವುದುಂಟು.

ಅಳಿವೆ ಹತ್ತಿರ ಬಂದ ಮೇಲೆ ಎಂಜಿನ್ ನಿಧಾನ ಮಾಡಿ ಹತ್ತು ನಿಮಿಷ ಸುಮ್ಮನೆ ನೋಡಿ. ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಬಿಡುವು ಕೊಡುತ್ತವೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಿಳಿ ನೊರೆ ಎದ್ದರೆ ಅಡಿಯಲ್ಲಿ ದಿಬ್ಬ ಇದೆ. ಮೂರಡಿ ಅಲೆ ಮುರಿಯುವಲ್ಲಿ ಆಳ ಸುಮಾರು ನಾಲ್ಕಡಿ ಅಂತ ಲೆಕ್ಕ ಹಿಡಿಯಿರಿ. ಎರಡು ನೊರೆಗಳ ನಡುವೆ ಕಪ್ಪಗೆ ನಯವಾಗಿರುವ ನೀರು ಸಾಮಾನ್ಯವಾಗಿ ಗಂಡಿ. ಮಳೆಯ ಕೆಂಪು ನೀರಿದ್ದಾಗ ಬಣ್ಣ ನಂಬಬೇಡಿ. ಮುಂದೆ ಒಬ್ಬರು ಅಡಿ ಗುರುತು ಹಾಕಿದ ಗಳ ಹಿಡಿದು ಆಳ ಕೂಗಿ ಹೇಳಲಿ. ಒಳಗೆ ಹೊಳೆಯ ತಿರುವಿನಲ್ಲಿ ಹೊರಮಗ್ಗುಲಿಗೆ ಆಳ, ಒಳಮಗ್ಗುಲಿಗೆ ಮರಳು.

ಹೊರಗೆ ಹೋಗುವಾಗ ಮೂತಿ ಅಲೆಗೆ ನೇರ ಇರಲಿ. ಬರುವಾಗ ಒಂದು ಅಲೆಯ ಬೆನ್ನ ಮೇಲೆ ಕೂತು ಅದರ ವೇಗದಲ್ಲೇ ಬನ್ನಿ, ತುದಿ ದಾಟಿ ಮುಂದೆ ಹಾರಬೇಡಿ. ಮುರಿಯುವ ಅಲೆಗಳ ನಡುವೆ ಹೆದರಿ ದೋಣಿ ತಿರುಗಿಸಿದರೆ ಅದು ಅಡ್ಡ ಬೀಳುತ್ತದೆ.

ಒಳಗಿನ ಶಾಂತ ನೀರಲ್ಲಿ ತಳ ತಾಗಿದರೆ ಎಂಜಿನ್ ಕೂಡಲೇ ಆರಿಸಿ ಮೇಲೆತ್ತಿ. ರಿವರ್ಸ್ ಹಾಕಿ ರೇಸ್ ಮಾಡಿದರೆ ಮರಳು ಕೂಲಿಂಗ್ ನೀರಿನ ದಾರಿಗೆ ಹೋಗಿ ಪಂಪ್ ಹಾಳಾಗುತ್ತದೆ. ಭಾರವನ್ನು ತಾಗದ ಕಡೆಗೆ ಸರಿಸಿ, ಬಂದ ದಾರಿಗೇ ಗಳದಿಂದ ಹಿಂದೆ ತಳ್ಳಿ. ಸೆಳೆತ ಇರುವಲ್ಲಿ ನೀರಿಗಿಳಿಯಬೇಡಿ, ದಿಬ್ಬದ ಅಂಚು ಒಂದೇ ಹೆಜ್ಜೆಗೆ ಆಳವಾಗಿರುತ್ತದೆ. ಲೈಫ್ ಜಾಕೆಟ್ ದಡದಲ್ಲೇ ಕಟ್ಟಿಕೊಳ್ಳಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಎರಡೂ ಫೋನಿನಲ್ಲಿರಲಿ.

ಮೊದಲ ಸಲ ಹೊನ್ನಾವರದ ಪಕ್ಕದ ಕಾಸರಕೋಡಿನ ಮೀನುಗಾರರ ಯಾರದಾದರೂ ದೋಣಿಯಲ್ಲಿ ಕೂತು ಹೋಗಿ, ದಿನದ ದುಡಿಮೆಯ ಹಣ ಕೊಟ್ಟೇ ಕೇಳಿ. ಈ ವಾರದ ಗಂಡಿ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ.