ಬಟ್ಟಲಿನೊಳಗೆ ಗ್ಲೇಜ್ ಸರಿದು ಮಣ್ಣು ಕಂಡರೆ

ಚಹಾ ಬಟ್ಟಲನ್ನು ಗ್ಲೇಜಿನಲ್ಲಿ (ಸುಟ್ಟಾಗ ಕರಗಿ ಗಾಜಿನಂತಾಗುವ ಲೇಪ) ಅದ್ದಿ ಸುಟ್ಟ ಮೇಲೆ ಒಳಗಡೆ ತಳದ ಸುತ್ತ ಗ್ಲೇಜ್ ಸರಿದು ಬರೀ ಮಣ್ಣು ಕಾಣುತ್ತಿದೆ, ಭಟ್ಟಿಯ ತಪ್ಪಾ ಅಂತ ಕೇಳಿದ್ದೀರಿ. ಹೆಚ್ಚಾಗಿ ಅಲ್ಲ. ಅದು ಸುಡುವ ಮೊದಲೇ ಶುರುವಾಗಿರುತ್ತದೆ.

ಅದ್ದಿದ್ದು ಒಣಗಿದ ಮೇಲೆ ಒಳಗೆ ಟಾರ್ಚ್ ಹಿಡಿದು ನೋಡಿ. ಗೋಡೆ ತಳಕ್ಕೆ ಸೇರುವ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ? ಅಲ್ಲಿ ಗ್ಲೇಜ್ ನಿಂತು ದಪ್ಪ ಆಗಿದೆ. ಕರಗುವಾಗ ಆ ಬಿರುಕೇ ಅಗಲವಾಗುತ್ತದೆ. ಬೆರಳಿನಿಂದ ಮೆತ್ತಗೆ ಉಜ್ಜಿ ಮುಚ್ಚಿ. ಮುಂದಿನ ಸಲ ಸ್ವಲ್ಪ ತೆಳ್ಳಗೆ ಕಲಸಿ, ಒಳಗೆ ಸುರಿದು, ಒಂದು ಸುತ್ತು ತಿರುಗಿಸಿ, ಕೂಡಲೇ ಚೆಲ್ಲಿ. ಅದಕ್ಕೂ ಮುಂಚೆ ಒದ್ದೆ ಸ್ಪಂಜಿನಿಂದ ದೂಳು ಒರೆಸಿ. ಎಣ್ಣೆ ಕೈ ತಾಗಿಸಲೇಬೇಡಿ.

ತಿಗರಿಯ ಮೇಲಿರುವಾಗಲೇ ಆ ಮೂಲೆಯನ್ನು ಗುಂಡಗೆ ಮಾಡಿಬಿಡಿ. ಚೂಪಾಗಿದ್ದರೆ ಗ್ಲೇಜ್ ಜಾಸ್ತಿ ನಿಲ್ಲುತ್ತದೆ, ಮಚ್ಚಾ (ಜಪಾನಿನ ಹಸಿರು ಚಹಾ ಪುಡಿ) ಕಡೆಯುವ ಬಿದಿರಿನ ಕಡಗೋಲೂ ಸಲೀಸಾಗಿ ಓಡುವುದಿಲ್ಲ.

ಅಂದಹಾಗೆ, ಕೊರಿಯಾದಲ್ಲಿ ತಯಾರಾಗಿ ಜಪಾನಿನ ಚಹಾ ಗುರುಗಳು ಮೆಚ್ಚಿ ಬಳಸಿದ ‘ಇದೋ’ ಎಂಬ ಬಗೆಯ ಬಟ್ಟಲುಗಳ ಪಾದದ ಹತ್ತಿರ ಗ್ಲೇಜ್ ಹೀಗೇ ಹನಿಹನಿಯಾಗಿರುತ್ತದೆ. ಅದಕ್ಕೆ ಕೈರಾಗಿ ಅಂತ ಹೆಸರು, ನೋಡಲು ತುಂಬಾ ಚೆಂದ. ಆದರೆ ಅದು ಹೊರಗಡೆ. ಕುಡಿಯುವ ಒಳಭಾಗದಲ್ಲಿ ಬೇಡ, ಬರೀ ಮಣ್ಣು ಚಹಾದ ಕಲೆ ಹಿಡಿದುಕೊಳ್ಳುತ್ತದೆ.